ಮೈಸೂರು ಅರಮನೆಯ ನರ್ತಕಿಯರ ಹೆಸರು ಯಾಕೆ ಸಿಗಲ್ಲ?

ಗೆಜ್ಜೆಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಮಗಳು ಭರತನಾಟ್ಯದ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ನಾಟ್ಯಗುರುಗಳಾದ ತಂಜಾವೂರು ಸಹೋದರರು ನಾಲ್ವರ ಹೆಸರೂ ಇದೆ: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು ಅಂತಲೂ ಇದೆ. ಅವರು ಕಲಿಸಿದ್ದನ್ನು ಕುಣಿದ ಹೆಂಗಸರು ಯಾರು? ಒಬ್ಬರ ಹೆಸರೂ ಇಲ್ಲ. ದೇವಸ್ಥಾನದಲ್ಲಿ ಸೇವೆ ಮಾಡುತ್ತಿದ್ದವರೂ ಅರಮನೆಯಲ್ಲಿ ಕುಣಿಯುತ್ತಿದ್ದವರೂ ಒಂದೇ ಮನೆತನದವರಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕಪಿಲೆ ದಂಡೆ:
ಬಹಳಷ್ಟು ಕಡೆ ಒಂದೇ ಮನೆತನ. ದೇವಸ್ಥಾನದ ಸೇವೆ ಇರುತ್ತಿತ್ತು, ದಸರಾ ಬಂದರೆ ಅರಮನೆ, ಮದುವೆ ಕಾಲದಲ್ಲಿ ಸಾಹುಕಾರರ ಮನೆ. ನಂಜನಗೂಡು, ಮೂಗೂರು, ಕೋಲಾರದಲ್ಲಿ ಇಂಥ ಮನೆತನಗಳಿದ್ದವು. 1831ರಲ್ಲಿ ಬ್ರಿಟಿಷರು ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡರು, ಆದರೆ ದರ್ಬಾರು ನಿಲ್ಲಲಿಲ್ಲ. ಅಧಿಕಾರ ಹೋದಮೇಲೆ ರಾಜನ ಗೌರವ ಉಳಿದದ್ದೇ ಹಾಡು, ಕುಣಿತ, ಪುಸ್ತಕ, ಹಬ್ಬಗಳಲ್ಲಿ, ಹಾಗಾಗಿ ಈ ಹೆಂಗಸರಿಲ್ಲದೆ ಆ ದರ್ಬಾರು ನಡೆಯುತ್ತಲೇ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹೆಸರು ಬೇಕು ಅಂದರೆ ಜಟ್ಟಿ ತಾಯಮ್ಮ (1857–1947). ತಂದೆ ದಾಸಪ್ಪ ಕುಸ್ತಿ ಪೈಲ್ವಾನರು, ಅಂದರೆ ಎಲ್ಲರೂ ನಾಟ್ಯದ ಮನೆಯಿಂದಲೇ ಬಂದವರಲ್ಲ. ತಾಯಮ್ಮನವರು ಅಭಿನಯಕ್ಕೆ ಹೆಸರಾದವರು. ಪದ, ಜಾವಳಿ ಅನ್ನುವ ಶೃಂಗಾರದ ಹಾಡುಗಳು, ಸಂಸ್ಕೃತ ಶ್ಲೋಕ, ಇವನ್ನೆಲ್ಲ ಅಭಿನಯಿಸಬೇಕಾದರೆ ಸಾಹಿತ್ಯ ಗೊತ್ತಿರಲೇಬೇಕು, ಪಂಡಿತರ ಹತ್ತಿರ ಕೂತು ಕಲಿಯಲೇಬೇಕು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ 1906ರಲ್ಲಿ ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು. ಆಸ್ಥಾನ ನರ್ತಕಿಯಾಗಿ, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1992ರಲ್ಲಿ ಪದ್ಮಭೂಷಣ ಪಡೆದರು. ಮಗಳಿಗೆ ಈ ಇಬ್ಬರ ಹೆಸರನ್ನು ಖಂಡಿತ ಹೇಳಿ.

ಹಳೇಕಡತ:
ಕಲೆಯ ಮಾತು ಸರಿ. ಆದರೆ ಬರೀ ವೈಭವ ಅಂತ ನೋಡಬೇಡಿ. ಚಿಕ್ಕ ಹುಡುಗಿಯರನ್ನು ಕೇಳಿ ದೇವರಿಗೆ ಬಿಡುತ್ತಿದ್ದರಾ? ತಂಜಾವೂರಿನ ಮರಾಠ ಅರಮನೆಯಲ್ಲಿ ಕತ್ತಿಗೆ ಮದುವೆ ಮಾಡಿಸಿ ಹೆಂಗಸರನ್ನು ಅಂತಃಪುರಕ್ಕೆ ಸೇರಿಸುತ್ತಿದ್ದರು. 1855ರಲ್ಲಿ ಅಲ್ಲಿನ ರಾಜ ಎರಡನೇ ಶಿವಾಜಿ ಗಂಡುಮಕ್ಕಳಿಲ್ಲದೆ ತೀರಿಕೊಂಡರು, ಈಸ್ಟ್ ಇಂಡಿಯಾ ಕಂಪನಿ ರಾಜ್ಯ ನುಂಗಿತು. ಅಂಥ ಹೆಂಗಸರ ಬದುಕು ಆಮೇಲೆ ಪಿಂಚಣಿ, ಅರ್ಜಿ, ಕೋರ್ಟು ಅಂತ ಸಾಗಿತು.

ಇನ್ನೊಂದು ಕಡೆ, ಈ ಮನೆಗಳಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಬರುತ್ತಿತ್ತು, ಹೆಣ್ಣುಮಗುವನ್ನು ದತ್ತು ತಗೊಳ್ಳುವ ರೂಢಿಯೂ ಇತ್ತು. ಬೇರೆ ಹೆಂಗಸರಿಗೆ ಆಗ ಇದು ಎಲ್ಲಿತ್ತು? ಚಿಕ್ಕವರನ್ನು ವೇಶ್ಯಾವೃತ್ತಿಗೆ ಮಾರುವುದು, ಕೊಳ್ಳುವುದು ಅಪರಾಧ ಅನ್ನುವ 1860ರ ದಂಡ ಸಂಹಿತೆಯ 372, 373ನೇ ಕಲಂ ಬಂದಮೇಲೆ ಆ ದತ್ತು ಕೂಡ ಅಪರಾಧದ ಸಾಲಿಗೆ ಬೀಳತೊಡಗಿತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನೇ ನಿಲ್ಲಿಸಿತು. ಅದಕ್ಕೂ ಮೊದಲು ನಂಜನಗೂಡಿನ ದೇವದಾಸಿಯರು ತಮ್ಮ ಹಕ್ಕು ಉಳಿಸಿ ಅಂತ ಅರ್ಜಿ ಹಾಕಿದ್ದರು. ಪದ್ಧತಿ ಹೋಗಬೇಕಿತ್ತು, ಒಪ್ಪುತ್ತೇನೆ. ಅದರಿಂದಲೇ ಬದುಕುತ್ತಿದ್ದವರ ಮಾತನ್ನು ಕೇಳದೆ ಹೀಗೆ ಮಾಡಿದ್ದು ಮಾತ್ರ ಅನ್ಯಾಯ.

ಸಾವೇರಿ:
ನಂಜನಗೂಡು ಅಂದಮೇಲೆ ಗಾಯಕಿ ಬೆಂಗಳೂರು ನಾಗರತ್ನಮ್ಮ ನೆನಪಾಗಲೇಬೇಕು, ಅಲ್ವಾ? 1878ರಲ್ಲಿ ಅಲ್ಲೇ ದೇವದಾಸಿ ಮನೆತನದಲ್ಲಿ ಹುಟ್ಟಿದರು. ತಂಜಾವೂರು ಆಸ್ಥಾನದ ಮುದ್ದುಪಳನಿ ಬರೆದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವಿನ ಹಳೆಯ ಅಚ್ಚಿನಲ್ಲಿ ಕೆಲವು ಪದ್ಯಗಳನ್ನು ಕಿತ್ತುಹಾಕಿದ್ದರು. ನಾಗರತ್ನಮ್ಮ ಅದನ್ನು 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದರು. ಗಂಡಸರು ಬರೆದ ಶೃಂಗಾರ ಸಾಹಿತ್ಯ, ಹೆಂಗಸು ಬರೆದದ್ದು ಅಶ್ಲೀಲ, ಇದು ಯಾವ ನ್ಯಾಯ ಅನ್ನೋದು ಅವರ ವಾದವಾಗಿತ್ತು. ಬ್ರಿಟಿಷ್ ಸರ್ಕಾರ ಪುಸ್ತಕ ನಿಷೇಧಿಸಿತು. ತಿರುವೈಯಾರಿನ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದೂ ಇವರ ದುಡ್ಡೇ. ಅಲ್ಲಿ ವರ್ಷವರ್ಷ ತ್ಯಾಗರಾಜರ ನೆನಪಿಗೆ ನಡೆಯುವ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಬಿಡದಿದ್ದಾಗ ಬೇರೆಯಾಗಿ ಹೆಂಗಸರ ಆರಾಧನೆ ನಡೆಸಿದರು.

ಗೆಜ್ಜೆಹೆಜ್ಜೆ:
ತುಂಬಾ ಥ್ಯಾಂಕ್ಸ್. ನಾಗರತ್ನಮ್ಮ ನಂಜನಗೂಡಿನವರು ಅಂತ ನನಗೆ ಗೊತ್ತೇ ಇರಲಿಲ್ಲ. ಮೂಗೂರಿನ ಮನೆತನಗಳ ಬಗ್ಗೆ ಕನ್ನಡದಲ್ಲಿ ಏನಾದರೂ ಓದಿದ್ದರೆ ಇಲ್ಲೇ ಹಾಕಿ, ಮಗಳ ಟೀಚರಿಗೂ ಕಳಿಸುತ್ತೇನೆ.