ಸೀಜಿನ್‌ಕೋಟ್: ಮೊಘಲ್ ಗುಮ್ಮಟದ ಇಂಗ್ಲಿಷ್ ಮನೆ ಯಾರದು?

ಸುಮಾ, ಬರ್ಮಿಂಗ್‌ಹ್ಯಾಮ್: ಕಳೆದ ತಿಂಗಳು ಗ್ಲೌಸ್ಟರ್‌ಶೈರ್‌ನ ಸೀಜಿನ್‌ಕೋಟ್ ಮನೆ ನೋಡಿ ಬಂದೆ. ಸುತ್ತಲೂ ಕುರಿ ಮೇಯುವ ಹಸಿರು ದಿಬ್ಬಗಳು, ಹಳೆಯ ಮರಗಳು. ಅವುಗಳ ನಡುವೆ ಇದ್ದಕ್ಕಿದ್ದಂತೆ ತಾಮ್ರ ಹೊದಿಸಿದ, ಹಸಿರುಗಟ್ಟಿದ ಈರುಳ್ಳಿ ಆಕಾರದ ಗುಮ್ಮಟ! ಕಿಟಕಿಗಳ ಮೇಲೆ ನವಿಲುಗರಿ ಬಿಚ್ಚಿದಂಥ ಕಮಾನುಗಳು. ಈಸ್ಟ್ ಇಂಡಿಯಾ ಕಂಪನಿಯ ಕೆಲಸ ಮಾಡಿ ಮರಳಿದ ಚಾರ್ಲ್ಸ್ ಕಾಕರೆಲ್‌ಗಾಗಿ ಅವನ ಅಣ್ಣ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ 1805ರ ಸುಮಾರಿಗೆ ರೂಪಿಸಿದ ಮನೆ ಇದು. ಪರದೇಶದಲ್ಲಿ ನಮ್ಮ ವಾಸ್ತುವಿಗೆ ಇಷ್ಟು ಗೌರವ ಸಿಕ್ಕಿದ್ದು ಕಂಡು ಕಣ್ಣು ತುಂಬಿತು.

ರಾಘವೇಂದ್ರ ಭಟ್: ಸುಮಾ ಅವರೇ, ಗೌರವ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸ್ಯಾಮ್ಯುಯೆಲ್ ಭಾರತದ ನೆಲ ಮೆಟ್ಟಿದವನೇ ಅಲ್ಲ. ಹೊರಗೆ ಮೊಘಲ್ ವೇಷ; ಬಾಗಿಲು ದಾಟಿದರೆ ಗ್ರೀಕ್, ರೋಮನ್ ಮಾದರಿಯ ಕೋಣೆಗಳು. ಬದುಕುವುದು ತಮ್ಮ ಪದ್ಧತಿಯಲ್ಲೇ, ಮೈಗೆ ಮಾತ್ರ ನಮ್ಮ ಉಡುಗೆ. ಮೇಲಾಗಿ, ಆ ಹಣ ಬಂದದ್ದು ಎಲ್ಲಿಂದ? ಕಂಪನಿಯ ದುಡ್ಡಿನಲ್ಲಿ ಜಮೀನು, ಮನೆ ಮಾಡಿಕೊಂಡವರನ್ನು ಅಂದಿನ ಇಂಗ್ಲಿಷರೇ ‘ನಬಾಬ’ರೆಂದು ಹಂಗಿಸುತ್ತಿದ್ದರು. ಇದನ್ನು ಮರೆತು ಗುಮ್ಮಟವನ್ನು ಮಾತ್ರ ನೋಡುವುದು ಹೇಗೆ?

ಶಬಾನಾ, ವಿಜಯಪುರ: ಭಟ್ಟರೇ, ಹಣದ ಮಾತು ನಿಜ, ಅದನ್ನು ಬದಿಗಿಡಬಾರದು. ಆದರೆ ‘ವೇಷ’ ಎಂದುಬಿಟ್ಟರೆ ಕಟ್ಟಡವನ್ನು ನೋಡಿದಂತಾಗುವುದಿಲ್ಲ. ನಾನು ವಾಸ್ತುಶಿಲ್ಪ ಕಲಿಸುವವಳು, ಇಬ್ರಾಹಿಂ ರೋಜಾದ ನೆರಳಲ್ಲೇ ಬೆಳೆದವಳು. ನಮ್ಮೂರಿನ ಆ ಗೋರಿಯಲ್ಲಿ ಗುಮ್ಮಟ ಕಮಲದ ದಳಗಳ ನಡುವಿನಿಂದ ಅರಳಿದಂತಿದೆ. ಅದರ ಕೆಳಗೆ ಸಾಲು ಚಾಚುತೋಳುಗಳು ಹೊತ್ತ ಅಗಲವಾದ ಸಜ್ಜಾ. ಸೀಜಿನ್‌ಕೋಟ್‌ನ ಚಿತ್ರಗಳಲ್ಲಿ ನಾನು ಮೊದಲು ಹುಡುಕಿದ್ದು ಸಜ್ಜಾವನ್ನೇ. ಸೂರಿನ ಕೆಳಗೆ ಅದು ಗೋಡೆಯುದ್ದಕ್ಕೂ ಓಡುತ್ತದೆ, ಅದರ ನೆರಳು ಗೋಡೆಯ ಮೇಲೆ ಬೀಳುತ್ತದೆ. ಗುಮ್ಮಟವನ್ನು ಯಾರಾದರೂ ಅಂಟಿಸಬಹುದು. ಸಜ್ಜಾದ ಅಳತೆ ಹಿಡಿಯಲು ಮೂಲ ಕಟ್ಟಡವನ್ನು ಕಂಡವರ ಕಣ್ಣು ಬೇಕು, ಆ ಕಣ್ಣು ಸ್ಯಾಮ್ಯುಯೆಲ್‌ಗೆ ಸಲಹೆ ಕೊಟ್ಟ ಥಾಮಸ್ ಡೇನಿಯಲ್‌ನದು. ಸೋದರನ ಮಗ ವಿಲಿಯಂ ಜೊತೆ 1786ರಿಂದ ಏಳೆಂಟು ವರ್ಷ ಭಾರತ ಸುತ್ತಿದ ಚಿತ್ರಕಾರ ಅವನು. ದೆಹಲಿ, ಆಗ್ರಾಗಳಲ್ಲದೆ ರಾಯಕೋಟೆಯಂಥ ದಕ್ಷಿಣದ ಬೆಟ್ಟದ ಕೋಟೆಗಳನ್ನೂ ಬರೆದಿದ್ದಾನೆ.

ರಾಘವೇಂದ್ರ ಭಟ್: ಹಾಗಾದರೆ ತೋಟದ ಸೇತುವೆಯ ಬಸವಗಳಿಗೆ ಏನು ಹೇಳುತ್ತೀರಿ? ಅದೂ ಡೇನಿಯಲ್‌ನ ಕೈವಾಡವೇ. ಎದುರಿಗೆ ಶಿವನಿಲ್ಲದ ನಂದಿ! ನಮ್ಮ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯ ದಿನ ನಿಂತು ನೋಡಿದವರಿಗೆ, ಬಸವನನ್ನು ಸೇತುವೆಯ ತಡೆಗೋಡೆಯ ಅಲಂಕಾರ ಮಾಡಿದ್ದು ಹೇಗೆ ಕಾಣುತ್ತದೆ ಎಂದು ಬೇರೆ ಹೇಳಬೇಕೇ?

ಸುಮಾ, ಬರ್ಮಿಂಗ್‌ಹ್ಯಾಮ್: ನನಗೂ ಅಲ್ಲಿ ಕಾಲು ನಿಂತದ್ದು ನಿಜ. ಮನೆ ಮೊಘಲ್, ತೋಟ ಹಿಂದೂ. ಮೇಲಿನ ಕೊಳದ ಬಳಿ ಸೂರ್ಯನ ಪುಟ್ಟ ಗುಡಿ, ಸೇತುವೆಯ ಕೆಳಗೆ ನೀರಿನಲ್ಲಿ ಮೆಟ್ಟಿಲುಗಲ್ಲುಗಳು, ಆಚೆ ಮರದ ಬೊಡ್ಡೆಗೆ ಸುತ್ತಿಕೊಂಡ ಹಾವಿನ ಕಾರಂಜಿ. ಪೂಜೆಯಿಲ್ಲದ ದೇವರ ನಡುವೆ ನಡೆಯುವಾಗ ಒಂದು ಬಗೆಯ ಸಂಕಟ ಆಯಿತು, ಅದನ್ನು ಮೊದಲೇ ಬರೆಯಬೇಕಿತ್ತು.

ಪ್ರಕಾಶ್ ಹೆಗಡೆ: ಇದರ ಮುಂದಿನ ಕಥೆಯೂ ಮುಖ್ಯ. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ಯುವರಾಜ 1807ರಲ್ಲಿ ಈ ಮನೆಗೆ ಬಂದಿದ್ದ. ಅವನಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ ಬ್ರೈಟನ್ ಅರಮನೆಯನ್ನು ಗುಮ್ಮಟಗಳಿಂದ ತುಂಬಿಸಿದ. ನನ್ನ ಅಭಿಪ್ರಾಯದಲ್ಲಿ ಭಟ್ಟರ ‘ವೇಷ’ ಎಂಬ ಮಾತು ಬ್ರೈಟನ್‌ಗೆ ಸರಿಯಾಗಿ ಒಪ್ಪುತ್ತದೆ. ಸೀಜಿನ್‌ಕೋಟ್‌ನ ಸಂಯಮ ಅಲ್ಲಿಲ್ಲ.

ಶಬಾನಾ, ವಿಜಯಪುರ: ಒಪ್ಪುತ್ತೇನೆ. ಸುಮಾ ಅವರೇ, ಒಂದು ಪ್ರಶ್ನೆ: ನೀವು ಹೋದ ದಿನ ಮಳೆ ಇತ್ತೇ?

ಸುಮಾ, ಬರ್ಮಿಂಗ್‌ಹ್ಯಾಮ್: ಜಿಟಿಜಿಟಿ ಮಳೆ. ಸಜ್ಜಾದ ಅಂಚಿನಿಂದ ಹನಿಗಳು ಸಾಲಾಗಿ ಉದುರುತ್ತಿದ್ದವು. ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತೆ. ಬೆನ್ನಿಗೆ ತಾಗಿದ ಜೇನುಬಣ್ಣದ ಕಲ್ಲು ಒಣಗಿಯೇ ಇತ್ತು.

ರಾಘವೇಂದ್ರ ಭಟ್: ಸಜ್ಜಾದ ವಿಷಯದಲ್ಲಿ ನಾನು ಸೋತೆ, ಶಬಾನಾ ಅವರೇ. ಬಿಸಿಲಿಗೆಂದು ಹುಟ್ಟಿದ್ದು ಅಲ್ಲಿ ಮಳೆಗೆ ಕೊಡೆಯಾಗಿದೆ. ಬಸವನ ವಿಷಯದಲ್ಲಿ ಮಾತ್ರ ಸೋಲುವುದಿಲ್ಲ.