ಕ್ಲೌಡ್ ಗೇಮಿಂಗ್ ಇದ್ದರೆ ಲ್ಯಾಪ್‌ಟಾಪ್ ಬೇಡವಾ? ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು

ಚಿಕ್ಕಪ್ಪ (ಫಾರ್ವರ್ಡ್): "ಇನ್ನು ಗೇಮ್ ಆಡಲು ದುಬಾರಿ ಕಂಪ್ಯೂಟರ್ ಬೇಡ! ಹಳೇ ಲ್ಯಾಪ್‌ಟಾಪ್, ಫೋನ್, ಟಿವಿ ಯಾವುದಿದ್ದರೂ ಸಾಕು. ಆಟ ಓಡುವುದು ದೂರದ ಸರ್ವರ್‌ನಲ್ಲಿ. ನಿಮಗೆ ಬರುವುದು ಬರೀ ವಿಡಿಯೊ."

ಚಿಕ್ಕಪ್ಪ: ಪುಟ್ಟಿ, ಇದನ್ನು ಓದು. ಮೂರು ತಿಂಗಳಿಂದ ಗೇಮಿಂಗ್ ಲ್ಯಾಪ್‌ಟಾಪ್ ಬೇಕು ಅಂತ ಹಟ ಹಿಡಿದಿದ್ದೀಯಲ್ಲ. ಇನ್ನು ಆ ಮಾತು ಬೇಡ.

ಪುಟ್ಟಿ: ಅಪ್ಪ, ಎರಡೂ ಒಂದೇ ಅಲ್ಲ.

ಭಾವ: ಮಾವ ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಒಂದು ವರ್ಷದಿಂದ ಹೀಗೇ ಆಡುತ್ತಿದ್ದೇನೆ. ಮಕ್ಕಳು ಮಲಗಿದ ಮೇಲೆ ನನಗೆ ಸಿಗುವುದೇ ಒಂದು ಗಂಟೆ. ಮೊದಲು ಅದರಲ್ಲಿ ಅರ್ಧ ಅಪ್‌ಡೇಟ್ ಇಳಿಸುವುದಕ್ಕೇ ಹೋಗುತ್ತಿತ್ತು. ಈಗ ಟಿವಿ ಹಾಕಿ ಕಂಟ್ರೋಲರ್ ಹಿಡಿದರೆ ಆಟ ಶುರು. ಫ್ಯಾನ್ ಸದ್ದಿಲ್ಲ, ಡಿಸ್ಕ್‌ನಲ್ಲಿ ಜಾಗ ಖಾಲಿ ಮಾಡುವ ತಲೆನೋವಿಲ್ಲ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂತಲ್ಲ, ಹಳೇ ಪ್ಲೇಸ್ಟೇಷನ್ 4ರಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ ಸೋನಿ ತನ್ನ ಸ್ಟೋರ್‌ನಿಂದಲೇ ತೆಗೆದುಹಾಕಿತು. ಅದೇ ಆಟ ಸ್ಟೇಡಿಯಾ ಅನ್ನುವ ಕ್ಲೌಡ್ ಗೇಮಿಂಗ್ ಸೇವೆಯಲ್ಲಿ ಚೆನ್ನಾಗಿ ಓಡಿತು. ಆಡುವವರ ಮನೆಯಲ್ಲಿ ದೊಡ್ಡ ಯಂತ್ರ ಇರಬೇಕಾಗಿರಲಿಲ್ಲ.

ಅಕ್ಕ: ಸ್ಟೇಡಿಯಾ ಹೆಸರು ನೀವೇ ತೆಗೆದಿರಿ. ಈಗ ಅದು ಎಲ್ಲಿದೆ?

ಅಕ್ಕ: 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಮುಚ್ಚಿತು. ನಡೆಸುತ್ತಿದ್ದದ್ದು ಗೂಗಲ್‌ನಂಥ ಕಂಪನಿ. ಅದಕ್ಕೂ ಮೊದಲು ಆನ್‌ಲೈವ್ ಅಂತ ಒಂದಿತ್ತು. 2010ರಲ್ಲಿ ಬಂತು, 2015ರಲ್ಲಿ ಹೋಯಿತು.

ಭಾವ: ಗೂಗಲ್ ತನ್ನ ಸ್ಟೋರ್‌ನಲ್ಲಿ ಕೊಂಡ ಆಟಗಳ ದುಡ್ಡನ್ನೂ ಕಂಟ್ರೋಲರ್ ದುಡ್ಡನ್ನೂ ವಾಪಸ್ ಕೊಟ್ಟಿತು. ಅದನ್ನೂ ಹೇಳು.

ನಾನು: ಕೊಟ್ಟಿತು ಭಾವ, ಅದು ಒಳ್ಳೆಯ ಕೆಲಸವೇ. ಆದರೆ ನನಗೆ ಆದದ್ದು ಬೇರೆ. ಒಂದು ಸೇವೆಗೆ ತಿಂಗಳು ತಿಂಗಳು ಕಟ್ಟಿ ಒಂದು ದೊಡ್ಡ ಕಥೆಯ ಆಟವನ್ನು 40 ಗಂಟೆ ಆಡಿದ್ದೆ. ಒಂದು ದಿನ ನೋಡಿದರೆ ಆ ಆಟ ಪಟ್ಟಿಯಲ್ಲೇ ಇಲ್ಲ. ಒಪ್ಪಂದ ಮುಗಿಯಿತಂತೆ. ಸೇವೆ ನಡೆಯುತ್ತಲೇ ಇದೆ, ನನ್ನ ಆಟ ಮಾತ್ರ ಹೋಯಿತು. ಎಲ್ಲಿಯವರೆಗೆ ಆಡಿದ್ದೆ ಅನ್ನುವುದನ್ನು ಉಳಿಸಿಡುವ ಸೇವ್ ಫೈಲ್ ಅವರ ಸರ್ವರ್‌ನಲ್ಲಿತ್ತು. ಬೇರೆ ಕಡೆ ಆಟ ಕೊಂಡು ಮತ್ತೆ ಮೊದಲಿಂದ ಶುರು ಮಾಡಿದೆ. ಆ ಬೇಸರ ಇನ್ನೂ ಹೋಗಿಲ್ಲ.

ಭಾವ: ಅದಕ್ಕೇ ನಾನು ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ನೌ ಸೇವೆ ಬಳಸುವುದು. ಅಲ್ಲಿ ಆಟ ಬಾಡಿಗೆಗೆ ಕೊಡುವುದಿಲ್ಲ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಾನೇ ಕೊಂಡ ಆಟವನ್ನು ಅವರ ಯಂತ್ರದಲ್ಲಿ ಓಡಿಸುತ್ತಾರೆ, ಅಷ್ಟೇ. ಆ ಸೇವೆ ಮುಚ್ಚಿದರೂ ಆಟ ಸ್ಟೀಮ್‌ನಲ್ಲಿ ನನ್ನ ಖಾತೆಯಲ್ಲೇ ಇರುತ್ತದೆ.

ಅಕ್ಕ: ನೀವು ಕೊಂಡದ್ದೆಲ್ಲ ಅಲ್ಲಿ ಓಡಲ್ಲ ಅಲ್ವಾ? 2020ರ ಫೆಬ್ರವರಿಯಲ್ಲಿ ಆಟ ತಯಾರಿಸುವ ಕಂಪನಿ ಆಕ್ಟಿವಿಷನ್ ಬ್ಲಿಝಾರ್ಡ್ ತನ್ನ ಆಟಗಳನ್ನು ಅಲ್ಲಿಂದ ತೆಗೆಸಿತು. ಹಿಂದೆಯೇ ಬೆಥೆಸ್ಡಾ ಅನ್ನುವ ಇನ್ನೊಂದು ಕಂಪನಿ ಕೂಡ. ಕೊಂಡವರು ಕೈಯಲ್ಲಿ ಆಟ ಇಟ್ಟುಕೊಂಡು ನೋಡುತ್ತಾ ಕೂತರು.

ಚಿಕ್ಕಪ್ಪ: ಕಂಪನಿಗಳ ಜಗಳ ಇರಲಿ. ನಮ್ಮ ಮನೆಯಲ್ಲಿ 100 ಎಂಬಿಪಿಎಸ್ ಇದೆ. ಸಿನಿಮಾ ಒಂದು ಸಲವೂ ನಿಂತಿಲ್ಲ. ಆಟ ಮಾತ್ರ ಯಾಕೆ ನಿಲ್ಲಬೇಕು?

ಅಕ್ಕ: ಚಿಕ್ಕಪ್ಪ, ಎಲ್ಲರೂ ಎಡವುವುದು ಇಲ್ಲೇ. ಸಿನಿಮಾದಲ್ಲಿ ಮುಂದಿನ ದೃಶ್ಯ ಯಾವುದೆಂದು ಸರ್ವರ್‌ಗೆ ಗೊತ್ತು. ಅರ್ಧ ನಿಮಿಷದ್ದನ್ನು ಮೊದಲೇ ಕಳಿಸಿಬಿಡುತ್ತದೆ. ನಡುವೆ ನೆಟ್ ತೊದಲಿದರೂ ನಿಮಗೆ ಗೊತ್ತಾಗುವುದಿಲ್ಲ. ಆಟದಲ್ಲಿ ಮುಂದಿನ ಚಿತ್ರ ಪುಟ್ಟಿ ಯಾವ ಬಟನ್ ಒತ್ತುತ್ತಾಳೆ ಅನ್ನುವುದರ ಮೇಲೆ ನಿಂತಿದೆ. ಅವಳು ಒತ್ತುವ ತನಕ ಆ ಚಿತ್ರ ಹುಟ್ಟಿಯೇ ಇರುವುದಿಲ್ಲ. ಹಾಗಾಗಿ ಮೊದಲೇ ಕಳಿಸಿ ಕೂಡಿಡಲು ಆಗುವುದಿಲ್ಲ.

ಅಕ್ಕ: ಬಟನ್ ಒತ್ತಿದ್ದು ಸರ್ವರ್‌ಗೆ ಹೋಗಬೇಕು. ಅಲ್ಲಿ ಚಿತ್ರ ತಯಾರಾಗಬೇಕು, ವಿಡಿಯೊ ಆಗಿ ಕುಗ್ಗಬೇಕು, ವಾಪಸ್ ಬರಬೇಕು, ಇಲ್ಲಿ ಬಿಚ್ಚಿಕೊಳ್ಳಬೇಕು. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಅಂದರೆ ಒಂದೊಂದು ಫ್ರೇಮ್‌ಗೆ 17 ಮಿಲಿಸೆಕೆಂಡ್ ಕೂಡ ಪೂರ್ತಿ ಇಲ್ಲ. ಸರ್ವರ್ 1000 ಕಿಲೋಮೀಟರ್ ದೂರ ಇದ್ದರೆ ಫೈಬರ್‌ನಲ್ಲಿ ಬೆಳಕು ಹೋಗಿ ಬರುವುದಕ್ಕೇ ಸುಮಾರು 10 ಮಿಲಿಸೆಕೆಂಡ್ ಬೇಕು. ನಿಮ್ಮ 100 ಎಂಬಿಪಿಎಸ್ 500 ಆದರೂ ಆ 10 ಕಮ್ಮಿ ಆಗುವುದಿಲ್ಲ. ಇಲ್ಲಿ ನೋಡಬೇಕಾದ್ದು ದೂರ, ಮತ್ತೆ ಮನೆಯ ವೈಫೈ.

ಚಿಕ್ಕಪ್ಪ: ಇದನ್ನು ಯಾರೂ ಹೀಗೆ ಹೇಳಿರಲಿಲ್ಲ ಮಗಳೇ.

ಭಾವ: ಕಥೆಯ ಆಟಕ್ಕೆ ಅಷ್ಟು ಲ್ಯಾಗ್, ಅಂದರೆ ತಡ, ಗೊತ್ತೇ ಆಗಲ್ಲ. ನನಗಂತೂ ಗೊತ್ತಾಗಿಲ್ಲ. ಟಿವಿಯಲ್ಲಿ ಗೇಮ್ ಮೋಡ್ ಹಾಕಲು ಮಾತ್ರ ಮರೆಯಬಾರದು. ಇಲ್ಲದಿದ್ದರೆ ಟಿವಿಯೇ ತಡ ಮಾಡುತ್ತದೆ.

ಪುಟ್ಟಿ: ಭಾವ, ನಾನು ಗೆಳತಿಯರ ಜೊತೆ ಆಡುವುದು ಶೂಟಿಂಗ್ ಆಟ. ಅಲ್ಲಿ ಗೊತ್ತಾಗುತ್ತದೆ. ನಾನು ಗುರಿ ಇಡುವಷ್ಟರಲ್ಲಿ ಎದುರಿನವಳು ಹೊಡೆದಾಗಿರುತ್ತದೆ.

ನಾನು: ಚಿಕ್ಕಪ್ಪ, ಲೆಕ್ಕ ಹೇಳುತ್ತೇನೆ. ಜಿಫೋರ್ಸ್ ನೌ ಕೇಳುವುದು 1080ಪಿ (ಫುಲ್ ಎಚ್‌ಡಿ) ಚಿತ್ರ, ಸೆಕೆಂಡಿಗೆ 60 ಫ್ರೇಮ್‌ಗೆ 25 ಎಂಬಿಪಿಎಸ್. ಅವರ ಡೇಟಾ ಸೆಂಟರ್‌ಗೆ ಪಿಂಗ್, ಅಂದರೆ ಸಂಕೇತ ಹೋಗಿ ಬರುವ ಸಮಯ, 80 ಮಿಲಿಸೆಕೆಂಡ್‌ಗಿಂತ ಕಮ್ಮಿ ಇರಬೇಕು, 40ರ ಒಳಗಿದ್ದರೆ ಒಳ್ಳೆಯದು. ಅಷ್ಟು ವೇಗದಲ್ಲಿ ಪೂರ್ತಿ ಒಂದು ಗಂಟೆ ಓಡಿದರೆ 11 ಜಿಬಿ ಡೇಟಾ. ಸದಸ್ಯತ್ವ ಕೊಂಡವರಿಗೂ ತಿಂಗಳಿಗೆ 100 ಗಂಟೆಯ ಮಿತಿ ಇದೆ.

ಚಿಕ್ಕಪ್ಪ: ಗಂಟೆಗೆ 11 ಜಿಬಿ? ಆ ಮೆಸೇಜಿನಲ್ಲಿ ಇದು ಒಂದೂ ಇಲ್ಲವಲ್ಲ.

ನಾನು: ಅದೇ ನನ್ನ ಸಿಟ್ಟು. ಕ್ಲೌಡ್ ಗೇಮಿಂಗ್ ಸುಳ್ಳಲ್ಲ. ದುಡ್ಡಿಲ್ಲದ ಹುಡುಗರಿಗೆ ದೊಡ್ಡ ಆಟಗಳನ್ನು ತಲುಪಿಸುವ ದಾರಿ ಅದು, ನನಗೆ ಅದರ ಮೇಲೆ ನಿಜವಾಗಿ ಪ್ರೀತಿ ಇದೆ. ಆದರೆ ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಸ್ಪಷ್ಟವಾಗಿ ಹೇಳಿ ಕೊಡಲಿ. "ಕಂಪ್ಯೂಟರ್ ಇನ್ನು ಬೇಡ" ಅಂದರೆ ಕೇಳಿದವರು ಮೋಸ ಹೋಗುತ್ತಾರೆ.

ಪುಟ್ಟಿ: ಅಪ್ಪ, ಇನ್ನೊಂದು ಹೇಳಬೇಕು. ಲ್ಯಾಪ್‌ಟಾಪ್ ಬರೀ ಆಡುವುದಕ್ಕೆ ಕೇಳಿದ್ದಲ್ಲ. ನಾನು ಮಾಡ್ ಮಾಡುವುದು ಕಲಿಯುತ್ತಿದ್ದೇನೆ. ಆಟದ ಫೈಲ್ ತೆರೆದು ಹೊಸ ಊರು, ಹೊಸ ರಸ್ತೆ ಸೇರಿಸುವುದು. ಕ್ಲೌಡ್‌ನಲ್ಲಿ ಆಟ ಬೇರೆಯವರ ಯಂತ್ರದಲ್ಲಿರುತ್ತದೆ, ಫೈಲ್ ನನ್ನ ಕೈಗೆ ಬರಲ್ಲ. ಒಂದು ಪುಟ್ಟ ಊರನ್ನು ಆಗಲೇ ಮಾಡಿದ್ದೇನೆ.

ಚಿಕ್ಕಪ್ಪ: ಇದನ್ನು ನನಗೆ ಯಾಕೆ ಹೇಳಲಿಲ್ಲ?

ಪುಟ್ಟಿ: ಗೇಮ್ ಅಂದ ಕೂಡಲೇ ನೀವು ಪುಸ್ತಕ ತೆಗಿ ಅಂತೀರಿ.

ಅಕ್ಕ: ಸದ್ಯಕ್ಕೆ ಸುಮ್ನೆ ಒಂದು ಪರೀಕ್ಷೆ ಮಾಡಿ. ಪುಟ್ಟಿ, ಜಿಫೋರ್ಸ್ ನೌ ಆ್ಯಪ್‌ನಲ್ಲೇ ನೆಟ್‌ವರ್ಕ್ ಟೆಸ್ಟ್ ಇದೆ. ನಿನ್ನ ಕೋಣೆಯಲ್ಲಿ ವೈಫೈನಲ್ಲಿ ಒಂದು ಸಲ, ರೌಟರ್‌ಗೆ ಕೇಬಲ್ ಹಾಕಿ ಒಂದು ಸಲ ನೋಡು. ಈಗಲೇ ನೋಡು, ರಾತ್ರಿ ಹೊತ್ತೇ ಎಲ್ಲರೂ ನೆಟ್ ಜಾಸ್ತಿ ಬಳಸುವುದು.

ಪುಟ್ಟಿ: ಆಯಿತು. ಕೋಣೆಯಲ್ಲಿ ವೈಫೈ: ಪಿಂಗ್ ಒಮ್ಮೆ 38, ಒಮ್ಮೆ 95, ನಿಲ್ಲುವುದೇ ಇಲ್ಲ. ಕೇಬಲ್: 24, ಅಲುಗಾಡಲಿಲ್ಲ.

ಭಾವ: 24 ಅಂದರೆ ತುಂಬಾ ಚೆನ್ನಾಗಿದೆ! ಕಥೆಯ ಆಟ ಆರಾಮಾಗಿ ಆಡಬಹುದು.

ನಾನು: ಪುಟ್ಟಿ, ಆಡುವುದಾದರೆ ಸೇವ್ ಫೈಲ್ ಸ್ಟೀಮ್ ಕ್ಲೌಡ್‌ಗೆ, ಅಂದರೆ ನಿನ್ನ ಸ್ಟೀಮ್ ಖಾತೆಗೇ, ಹೋಗುವ ಆಟಗಳನ್ನೇ ಆರಿಸು. ನನ್ನ ಹಾಗೆ 40 ಗಂಟೆ ಕಳೆದುಕೊಳ್ಳಬೇಡ.

ಚಿಕ್ಕಪ್ಪ: ಸರಿ, ಒಂದು ತಿಂಗಳು ಕೇಬಲ್ ಹಾಕಿ ನೋಡೋಣ. ಡೇಟಾ ಎಷ್ಟು ಖರ್ಚಾಯಿತು ಅಂತ ನಾನೇ ಬರೆದಿಡುತ್ತೇನೆ. ಲ್ಯಾಪ್‌ಟಾಪ್ ವಿಷಯ ಭಾನುವಾರ ಕೂತು ಮಾತಾಡೋಣ. ಅದಕ್ಕೆ ಮೊದಲು ನೀನು ಮಾಡಿದ ಆ ಊರನ್ನು ನನಗೆ ತೋರಿಸು.

ಪುಟ್ಟಿ: ಹಳೇ ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದಕ್ಕೆ ನಾಲ್ಕು ನಿಮಿಷ ಬೇಕು ಅಪ್ಪ. ಈಗಲೇ ಬನ್ನಿ, ಹಾಕಿದ್ದೇನೆ.