ಅಗ್ಗದ ಬೇಸ್ ಗಿಟಾರ್: ಸ್ಟೇಜ್ ಹತ್ತುವ ಮುನ್ನ ಏನು ಬದಲಿಸಲಿ?

ಪ್ರಶ್ನೆ: ಎರಡು ಸಿಂಗಲ್ ಕಾಯಿಲ್ ಪಿಕಪ್‌ನ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಕಾಂತ) ಜಾಝ್ ಮಾದರಿ ಬೇಸ್. ಒಂದೇ ಪಿಕಪ್ ಇಟ್ಟರೆ ಗುಂಯ್ ಅನ್ನುತ್ತೆ, ಕೇಬಲ್ ಅಲ್ಲಾಡಿದರೆ ಕರಕರ. ಮೊದಲು ಪಿಕಪ್ ಬದಲಿಸಲಾ?

ಉತ್ತರ 1: ಬೇಡ. ಎರಡೂ ವಾಲ್ಯೂಮ್ ಪೂರ್ತಿ ಏರಿಸಿದಾಗ ಗುಂಯ್ ಅಡಗಿದರೆ ಪಿಕಪ್ ಸರಿಯಾಗೇ ಇದೆ. ಅದು ಸಿಂಗಲ್ ಕಾಯಿಲ್ ಗುಣ. ಕರಕರಕ್ಕೆ ಕಾರಣ ಬಹುಪಾಲು ಜ್ಯಾಕ್ (ಕೇಬಲ್ ಸಿಕ್ಕಿಸುವ ಜಾಗ): ಪ್ಲಗ್ ತುದಿ ಹಿಡಿಯುವ ಲೋಹದ ನಾಲಗೆ ಸಡಿಲವಾಗಿರುತ್ತೆ. ಬಗ್ಗಿಸಿದರೆ ನಾಲ್ಕು ದಿನ ಬಾಳುತ್ತೆ, ಅಷ್ಟೇ. ಗಟ್ಟಿ ಜ್ಯಾಕ್ ಬೆಸುಗೆ ಹಾಕಿ. ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಭಾಗ) ತಿರುಗಿಸಿದಾಗ ಕೆರೆದ ಸದ್ದು ಬಂದರೆ 250ಕೆ (ಕಿಲೋ ಓಮ್) ಪಾಟ್ ಹಾಕಿ.

ಉತ್ತರ 2: ಅದಕ್ಕೂ ಮೊದಲು ಹೊಸ ತಂತಿ, 45–105 (ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ಟ್ರಸ್ ರಾಡ್ (ಕುತ್ತಿಗೆಯ ಬಾಗು ಸರಿಪಡಿಸುವ ಒಳಗಿನ ಸರಳು) ಒಮ್ಮೆಗೆ ಕಾಲು ಸುತ್ತು ಮಾತ್ರ. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದಾಗ ಏಳನೇ ಫ್ರೆಟ್‌ಗೂ ತಂತಿಗೂ ನಡುವೆ 0.3 ಮಿಮೀ ಸಂದು ಸಾಕು. ಆಮೇಲೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಎತ್ತರ, ಕೊನೆಗೆ ಇಂಟೊನೇಶನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿ ಬರುವಂತೆ ಹೊಂದಿಸೋದು). ಕ್ರಮ ತಪ್ಪಿದರೆ ಮತ್ತೆ ಮೊದಲಿಂದ.

ಉತ್ತರ 3: ಗುಂಯ್ ತಗ್ಗಿಸಲು ಒಳಗೆ ತಾಮ್ರದ ಟೇಪ್ ಅಂಟಿಸೋದಾದರೆ ಗ್ರೌಂಡ್‌ಗೆ (ಅರ್ಥ್ ವೈರ್) ಜೋಡಿಸಿ. ಜ್ಯಾಕ್‌ನ ಸಿಗ್ನಲ್ ಕಾಲು ಟೇಪ್‌ಗೆ ತಗುಲಿದರೆ ಸದ್ದೇ ಬರಲ್ಲ!